ಹೊತ್ತು ಮಾರಿದ ಹೊತ್ತಗೆ

ಸಂಜೆ ಆರು ಗಂಟೆಯ ಸಮಯದಲ್ಲಿ, ಹೆಗಲಿಗೊಂದು ಬಟ್ಟೆಯ ಚೀಲ ಇಳಿಬಿಟ್ಟುಕೊಂಡು, ಯಾರ ಮನೆಯ ಗೇಟನ್ನಾದರೂ ತೆರೆದು ನೋಡಿ. ಒಳಗಿನಿಂದ ಬರುವ ಮೊದಲನೆಯ ಮಾತು "ಯಾರು?" ಎಂದಲ್ಲ, "ಈಗ ಏನೂ ಬೇಡ" ಎಂದು. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವನು. ಮೈಸೂರಿನ ಸರಸ್ವತೀಪುರದಲ್ಲಿ ಇಪ್ಪತ್ತಾರು ವರ್ಷಗಳಿಂದ ಒಂದೇ ಮನೆಯಲ್ಲಿ ವಾಸವಾಗಿದ್ದೇನೆ. ನಮ್ಮ ರಸ್ತೆಯಲ್ಲಿ ನನ್ನನ್ನು ಕಂಡರೆ "ನಮಸ್ಕಾರ ಮೇಷ್ಟ್ರೇ" ಎನ್ನದವರು ವಿರಳ. ಆದರೂ ಕಳೆದ ವರ್ಷ ಶ್ರಾವಣದ ಒಂದು ಸಂಜೆ, ನಮ್ಮ ಮನೆಗೆ ನಾಲ್ಕನೆಯದಾದ ಮನೆಯ ಯಜಮಾನರು ಕಿಟಕಿಯಿಂದ ನನ್ನ ಮುಖವನ್ನು ನೋಡದೆ ಚೀಲವನ್ನಷ್ಟೇ ನೋಡಿ, "ಗಣಪತಿ ಚಂದಾ ಮೊನ್ನೆಯೇ ಕೊಟ್ಟಾಯಿತಲ್ಲ!" ಎಂದರು.

ಚೀಲದಲ್ಲಿದ್ದುದು ಚಂದಾ ರಸೀತಿಯಲ್ಲ. ನಾನೇ ಬರೆದು, ನಾನೇ ಅಚ್ಚು ಹಾಕಿಸಿದ ಮಕ್ಕಳ ಕಥೆಯ ಪುಸ್ತಕ. ಹೆಸರು 'ಹೆಜ್ಜಾರ್ಲೆಯ ಜೋಳಿಗೆ', ನಲವತ್ತೆಂಟು ಪುಟ, ಪುಟಪುಟಕ್ಕೂ ಬಣ್ಣದ ಚಿತ್ರ, ಬೆಲೆ 90 ರೂಪಾಯಿ.

ಈ ಪುಸ್ತಕ ಹುಟ್ಟಿದ್ದು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಆ ಕೆರೆ, ನಿವೃತ್ತರಾದ ನನ್ನಂಥವರಿಗೆ ಬೆಳಗಿನ ಎರಡನೆಯ ಕಚೇರಿ. ಒಂದು ದಿನ ಒಬ್ಬ ತಾಯಿ ತನ್ನ ಮಗುವಿಗೆ ನೀರಿನ ಮೇಲಿದ್ದ ಭಾರಿ ಹಕ್ಕಿಯೊಂದನ್ನು ತೋರಿಸಿ "ನೋಡು, ಡಕ್" ಎಂದರು. ಎರಡು ರೆಕ್ಕೆ ಚಾಚಿದರೆ ಏಳೆಂಟು ಅಡಿ ಅಗಲವಾಗುವ ಪಕ್ಷಿಯನ್ನು ಬಾತುಕೋಳಿ ಮಾಡಿಬಿಟ್ಟರಲ್ಲ ಎಂದು ನನ್ನೊಳಗಿನ ಮೇಷ್ಟರು ತಡೆಯಲಾರದೆ, "ಅದು ಹೆಜ್ಜಾರ್ಲೆ" ಎಂದು ತಿದ್ದಿದರು. ತಾಯಿ ಮಗು ಇಬ್ಬರೂ ನಾನು ಸೀನಿದೆನೇನೋ ಎಂಬಂತೆ ನನ್ನನ್ನು ನೋಡಿದರು.

ಆ ಹೆಸರನ್ನು ಮಕ್ಕಳ ಬಾಯಲ್ಲಿ ಹೇಗಾದರೂ ಕೂರಿಸಬೇಕೆಂಬ ಹಟ ಅಂದೇ ಹತ್ತಿತು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ನೀವು ಬಲ್ಲಿರಿ. ಪ್ರತಿ ವರ್ಷ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬಂದು, ಊರೊಳಗಿನ ಹುಣಿಸೆಮರಗಳಲ್ಲಿ, ಜನರ ತಲೆಯ ಮೇಲೆಯೇ ಗೂಡು ಕಟ್ಟುತ್ತವೆ. ಊರಿನವರು ಅವುಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಕಾಣುತ್ತಾರೆ. ಅಲ್ಲಿಯ ಹುಣಿಸೆಮರದಲ್ಲಿ ಮೊಟ್ಟೆಯೊಡೆದ ಒಂದು ಮರಿ, ತಾಯಿಯ ಕೊಕ್ಕಿನ ಚೀಲಕ್ಕೆ ತಲೆ ತೂರಿಸಿ ಮೀನು ತಿಂದು ಬೆಳೆದು, ರೆಕ್ಕೆ ಬಲಿತ ಮೇಲೆ ದಾರಿ ತಪ್ಪಿ ಅಲೆದು, ವೈಶಾಖದ ಒಂದು ಸಂಜೆ ನಮ್ಮ ಕುಕ್ಕರಹಳ್ಳಿ ಕೆರೆಗೆ ಬಂದು ಸೇರುತ್ತದೆ. ಇಷ್ಟೇ ಕಥೆ. ಆ ಕೊಕ್ಕಿನ ಚೀಲದಲ್ಲಿ ಹಕ್ಕಿ ಮೀನು ಕೂಡಿಟ್ಟುಕೊಂಡು ತಿರುಗುತ್ತದೆಂಬುದು ತಪ್ಪು ತಿಳಿವಳಿಕೆ. ಅದು ಬಲೆಯಂತೆ ನೀರಿನೊಡನೆ ಮೀನನ್ನು ಮೊಗೆದು, ನೀರು ಬಸಿದು, ನುಂಗುವ ಸಾಧನ. ಇದನ್ನು ಪಾಠವೆನಿಸದಂತೆ ಕಥೆಯೊಳಗೆ ಸೇರಿಸಲು ನನಗೆ ಎಂಟು ತಿಂಗಳು ಹಿಡಿಯಿತು.

ಚಿತ್ರ ಬರೆದವರು ನಮ್ಮ ಹಿಂದಿನ ಅಡ್ಡರಸ್ತೆಯ ಬೋರ್ಡ್ ಪೇಂಟರು. ಒಂದು ಕಾಲದಲ್ಲಿ ನಮ್ಮ ಬಡಾವಣೆಯ ಅಂಗಡಿಗಳ ಹೆಸರುಗಳೆಲ್ಲ ಅವರ ಕೈಬರಹವೇ. ಫ್ಲೆಕ್ಸ್ ಬಂದ ಮೇಲೆ ಕುಂಚಗಳನ್ನು ಸೀಮೆಎಣ್ಣೆಯ ಡಬ್ಬದಲ್ಲಿ ನಿಲ್ಲಿಸಿ, ಸೈಕಲ್ ಪಂಕ್ಚರ್ ಹಾಕಿಕೊಂಡಿದ್ದರು. ಚಿತ್ರಕ್ಕೆ ಇಪ್ಪತ್ತು ಸಾವಿರವೆಂದು ಮಾತಾಯಿತು. ಹತ್ತು ಮುಂಗಡ, ಉಳಿದ ಹತ್ತು "ಪುಸ್ತಕ ಮಾರಾಟವಾದ ಹಾಗೆ". ಈ ಕೊನೆಯ ಮಾತು ನನ್ನದೇ. ಅವರು ಮರುಮಾತಿಲ್ಲದೆ "ಆಗಲಿ ಮೇಷ್ಟ್ರೇ" ಎಂದರು. ಆ ನಂಬಿಕೆ ಎಂಥ ಭಾರವೆಂಬುದು ಆಗ ನನಗೆ ತಿಳಿಯಲಿಲ್ಲ.

ಒಂದು ಸಾವಿರ ಪ್ರತಿ ಅಚ್ಚಾಯಿತು. ಮುದ್ರಣದ ಖರ್ಚೇ 55,000 ರೂಪಾಯಿ, ಎಂದರೆ ಪ್ರತಿಯೊಂದಕ್ಕೆ 55. ಪುಸ್ತಕದಂಗಡಿಗೆ ನೂರಕ್ಕೆ ನಲವತ್ತು ಕಮಿಷನ್. 90ರಲ್ಲಿ 36 ಕಳೆದರೆ ನನ್ನ ಕೈಗೆ 54. ಅಂಗಡಿಯಲ್ಲಿ ಮಾರಾಟವಾಗುವ ಒಂದೊಂದು ಪ್ರತಿಗೂ ನಾನು ಒಂದು ರೂಪಾಯಿ ಕೈಯಿಂದ ಸೇರಿಸಬೇಕು! ಅಂಗಡಿಯವರನ್ನು ದೂರಲಾರೆ, ಬಾಡಿಗೆ, ಸಂಬಳ, ದೀಪ ಎಲ್ಲವೂ ಆ ನಲವತ್ತರೊಳಗೇ ಆಗಬೇಕು. ಬೆಲೆ ಕಟ್ಟುವಾಗ ಈ ಲೆಕ್ಕವನ್ನು ನಾನು ಹಾಕಿರಲಿಲ್ಲ, ಅಷ್ಟೆ. ಜೀವಶಾಸ್ತ್ರದ ಬದಲು ಗಣಿತ ಹೇಳಿಕೊಟ್ಟಿದ್ದರೆ ಹಾಕುತ್ತಿದ್ದೆನೋ ಏನೋ.

ಪುಸ್ತಕಕ್ಕೆ ಹದಿಮೂರು ಅಂಕಿಗಳ ಐಎಸ್‌ಬಿಎನ್ ಸಂಖ್ಯೆ ಪಡೆದೆ. ಅದನ್ನು ನಮ್ಮ ದೇಶದಲ್ಲಿ ಪುಕ್ಕಟೆಯಾಗಿಯೇ ಕೊಡುತ್ತಾರೆ. 1954ರ ಕಾನೂನಿನ ಪ್ರಕಾರ ಕೊಲ್ಕತ್ತಾ, ಚೆನ್ನೈ, ಮುಂಬಯಿ, ದೆಹಲಿಗಳ ನಾಲ್ಕು ಗ್ರಂಥಾಲಯಗಳಿಗೆ ಒಂದೊಂದು ಪ್ರತಿಯನ್ನು ನನ್ನ ಖರ್ಚಿನಲ್ಲಿ ಕಳುಹಿಸಿದೆ. ಹೀಗೆ ನನ್ನ ಹೆಜ್ಜಾರ್ಲೆ ಗಂಗಾತೀರ, ಯಮುನಾತೀರಗಳನ್ನು ಮುಟ್ಟಿತು. ಪಕ್ಕದ ಬೀದಿಯನ್ನು ಮುಟ್ಟಿರಲಿಲ್ಲ.

ಬಿಡುಗಡೆಯ ಸಮಾರಂಭದ ವಿಷಯ ಬೇಗ ಮುಗಿಸಿಬಿಡುತ್ತೇನೆ. ಸುಮಾರು ಅರವತ್ತು ಜನ ಬಂದರು. ಕೇಸರಿಬಾತು ಚೆನ್ನಾಗಿತ್ತೆಂದು ಎಲ್ಲರೂ ಹೇಳಿದರು. ಹನ್ನೊಂದು ಪ್ರತಿ ಮಾರಾಟವಾಯಿತು. ಗೌರವ ಪ್ರತಿಯೆಂದು ಕೊಟ್ಟದ್ದು ಮಾತ್ರ ಅರವತ್ತು. "ನಮಗೊಂದು ಪ್ರತಿ ಇಲ್ಲವೆ?" ಎಂದು ಸ್ನೇಹದಿಂದ ಕೇಳುವವರಿಗೆ "ಇದೆ, ತೊಂಬತ್ತು ರೂಪಾಯಿ" ಎನ್ನುವ ನಾಲಗೆಯನ್ನು ದೇವರು ಲೇಖಕನಿಗೆ ಕೊಟ್ಟಿಲ್ಲ. ಎಲೆಕ್ಟ್ರಿಷಿಯನ್ನನಿಗೂ ದರ್ಜಿಗೂ ಧಾರಾಳವಾಗಿ ಕೊಟ್ಟಿದ್ದಾನೆ.

ನಡಿಗೆಯ ಮಿತ್ರರ ವಾಟ್ಸಾಪ್ ಗುಂಪಿನಲ್ಲಿ ಮುಖಪುಟದ ಚಿತ್ರ ಹಾಕಿದೆ. ಜೋಡಿಸಿದ ಕೈಗಳ ಚಿತ್ರ ನಲವತ್ತಮೂರು ಬಂದುವು. ಅವುಗಳಲ್ಲಿ ಜೇಬಿಗೆ ಹೋದ ಕೈಗಳು ಎರಡು ಜನರವು. ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿಯವರು ಬಹಳ ಮರ್ಯಾದೆಯಿಂದ ಕಾಫಿ ಕೊಟ್ಟು, ಪುಟಗಳನ್ನು ಮೃದುವಾಗಿ ತಿರುವಿ, "ತುಂಬ ಚೆನ್ನಾಗಿದೆ ಸರ್, ಇಂಗ್ಲಿಷಿನಲ್ಲಿ ಇದೆಯೆ?" ಎಂದು ಕೇಳಿದರು.

ಹಾವೇರಿ ಸೀಮೆಯ ಗಳಗನಾಥರು (1869–1942), ತಮ್ಮ ಪುಸ್ತಕಗಳ ಹೊರೆಯನ್ನು ತಲೆಯ ಮೇಲೆ ಹೊತ್ತು ಊರೂರು ಅಲೆದು ಮಾರಿ, ಕನ್ನಡಿಗರಿಗೆ ಕಾದಂಬರಿ ಓದುವ ರುಚಿ ಹತ್ತಿಸಿದರು. ಅವರೂ ಉಪಾಧ್ಯಾಯರೇ. ಈ ವಿಷಯವನ್ನು ನಾನು ಎಷ್ಟು ರಾಜ್ಯೋತ್ಸವಗಳಲ್ಲಿ ಗದ್ಗದ ಕಂಠದಿಂದ ಹೇಳಿ ಚಪ್ಪಾಳೆ ಗಿಟ್ಟಿಸಿಲ್ಲ! ಇನ್ನೊಬ್ಬರು ಹೊತ್ತ ಹೊರೆಯನ್ನು ಹೊಗಳುವುದಕ್ಕೆ ಕತ್ತಿಗೇನೂ ನೋವಾಗುವುದಿಲ್ಲ. ಐದು ಪ್ರತಿಗಳ ಚೀಲ ಹೆಗಲಿಗೆ ಬಿದ್ದು, ಎದುರಿನಿಂದ ಹಳೆಯ ವಿದ್ಯಾರ್ಥಿ ಬಂದಾಗ, ನಾನು ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದ್ದುಂಟು.

ಎಲ್ಲಕ್ಕಿಂತ ಕಷ್ಟವಾದದ್ದು ಹಿಂದಿನ ಅಡ್ಡರಸ್ತೆ. ನಾವು ಸೊಪ್ಪು ತರಕಾರಿ ತರುವ ಅಂಗಡಿ ಪೇಂಟರ ಪಂಕ್ಚರ್ ಅಂಗಡಿಯ ಪಕ್ಕದಲ್ಲಿಯೇ. ಅವರು ಹಣವನ್ನು ಕೇಳಿದವರಲ್ಲ, ಕೇಳುವವರೂ ಅಲ್ಲ. "ಹೇಗಿದೆ ಮೇಷ್ಟ್ರೇ, ನಮ್ಮ ಹಕ್ಕಿ ಹಾರುತ್ತಿದೆಯಾ?" ಎಂದಷ್ಟೇ ಒಮ್ಮೆ ಕೇಳಿದರು. ಅಂದಿನಿಂದ ನಾನು ಎರಡು ರಸ್ತೆ ಸುತ್ತಿ ಬೇರೆ ಅಂಗಡಿಯಿಂದ ಕೊತ್ತಂಬರಿ ತರಲಾರಂಭಿಸಿದೆ. ಮೂರನೆಯ ವಾರ ನನ್ನ ಮನೆಯಾಕೆ ಕಟ್ಟನ್ನು ಕೈಯಲ್ಲಿ ಹಿಡಿದು, "ಈ ಕೊತ್ತಂಬರಿ ಎಲ್ಲಿಯದು? ಆ ಅಂಗಡಿಯವನು ಹೀಗೆ ಬಾಡಿದ್ದನ್ನು ಕೊಡೋನಲ್ಲವಲ್ಲ" ಎಂದಳು. ನಾನು ಉತ್ತರ ಕೊಡಲಿಲ್ಲ. ಅವಳಿಗೆ ಬೇಕಾಗಿಯೂ ಇರಲಿಲ್ಲ.

ಕೆರೆಯ ದ್ವಾರದ ಹೊರಗೆ ಎಳನೀರು ಮಾರುವವನೊಬ್ಬನಿದ್ದಾನೆ. ಭಾನುವಾರಗಳಲ್ಲಿ ನಾನು ಅವನ ಗಾಡಿಯ ಪಕ್ಕದಲ್ಲಿ ನಿಂತು, ಮಕ್ಕಳನ್ನು ಕರೆತಂದವರ ಕಡೆ ನೋಡಿ ಮುಗುಳ್ನಗುತ್ತಿದ್ದೆ. ಅದು ನನ್ನ ವ್ಯಾಪಾರ. ಮೂರು ಭಾನುವಾರ ಸಹಿಸಿಕೊಂಡ ಆತ ನಾಲ್ಕನೆಯದರಲ್ಲಿ ಮಚ್ಚನ್ನು ಕೆಳಗಿಟ್ಟ. "ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ. ಎಳನೀರನ್ನ ಗೋಣಿಚೀಲದೊಳಗೆ ಇಟ್ಕೊಂಡು ನಿಂತ್ರೆ ಯಾರು ಕುಡೀತಾರೆ? ಒಂದನ್ನಾದರೂ ಕೆತ್ತಿ ತೋರಿಸ್ಬೇಕು" ಎಂದ. ಎಂದು ಸುಮ್ಮನಾಗಲಿಲ್ಲ, ತನ್ನ ಮಗಳಿಗೆಂದು ತೊಂಬತ್ತು ರೂಪಾಯಿ ಎಣಿಸಿ ಒಂದು ಪ್ರತಿ ಕೊಂಡ. ಆ ಬೋಣಿಯನ್ನು ನಾನು ಮರೆಯುವಂತಿಲ್ಲ.

ಅವನು ಹೇಳಿದಂತೆ ಕೆತ್ತಿ ತೋರಿಸಿದೆ. ಮುಂದಿನ ಭಾನುವಾರ ಏರಿಯ ಕಲ್ಲುಬೆಂಚಿನ ಮೇಲೆ ಕುಳಿತು, ಐದನೆಯ ತರಗತಿಯ ಒಬ್ಬ ಹುಡುಗಿಯ ಕೈಗೆ ಪುಸ್ತಕ ಕೊಟ್ಟು "ಓದಮ್ಮ" ಎಂದೆ. ಅಚ್ಚಕನ್ನಡದಲ್ಲಿ ಅರಳು ಹುರಿದಂತೆ ಮಾತನಾಡುತ್ತಿದ್ದ ಆ ಮಗು ಮುಖಪುಟದ ಮೇಲೆ ಬೆರಳಿಟ್ಟು "ಹೆ... ಹೆಜ..." ಎಂದು ನಿಂತುಬಿಟ್ಟಿತು. ಆಮೇಲೆ ಅರ್ಕಾವತ್ತನ್ನು ತೋರಿಸಿ, "ತಾತ, ಈ ಕೊಕ್ಕೆ ಏನು?" ಎಂದು ಕೇಳಿತು.

ವಾಚಕರೇ, ನಾನು ಪುಸ್ತಕ ಬರೆಯುವಾಗ ಹಕ್ಕಿಯನ್ನು ನೋಡಿದ್ದೆ, ಕೆರೆಯನ್ನು ನೋಡಿದ್ದೆ. ಓದುವ ಮಗುವನ್ನು ನೋಡಿರಲಿಲ್ಲ. ಒಂದು ಒತ್ತಕ್ಷರ, ಒಂದು ಅರ್ಕಾವತ್ತು ಎರಡನ್ನೂ ಹೆಸರಿನ ಬಾಗಿಲಲ್ಲಿಯೇ ಕಾವಲಿಟ್ಟು ಮಕ್ಕಳನ್ನು ಒಳಗೆ ಕರೆಯುತ್ತಿದ್ದೆ! ಮಗುವಿನದು ತಪ್ಪಲ್ಲ. 2015ರ ಕಾನೂನಿನಂತೆ ರಾಜ್ಯದ ಎಲ್ಲ ಶಾಲೆಗಳಲ್ಲೂ ಕನ್ನಡವನ್ನು ಕಲಿಸಬೇಕು. ಆ ಮಗುವೂ ಕಲಿಯುತ್ತಿದೆ. ಆದರೆ ಪರೀಕ್ಷೆಗಾಗಿ ಓದುವ ಭಾಷೆ ಬೇರೆ, ಹಾಸಿಗೆಯ ಮೇಲೆ ಕವಿಚಿ ಮಲಗಿ ಓದುವ ಭಾಷೆ ಬೇರೆ. ನಾಲ್ಕು ತಿಂಗಳಲ್ಲಿ ನಾನು ಮಾರಿದ್ದು ಸಮಾರಂಭದ ಹನ್ನೊಂದು, ಅಂಗಡಿಯಲ್ಲಿ ಮೂರು, ಕೆರೆಯ ಬಳಿ ಇಪ್ಪತ್ತನಾಲ್ಕು; ಒಟ್ಟು ಮೂವತ್ತೆಂಟು. ಅವುಗಳಲ್ಲಿ ಎಷ್ಟನ್ನು ಮಕ್ಕಳು ಓದಿರಬಹುದೆಂದು ಅಂದು ರಾತ್ರಿ ಯೋಚಿಸಿದೆ. ಲೆಕ್ಕ ಇನ್ನೂ ಸಣ್ಣದಾಯಿತು. ಮಲಗುವ ಕೋಣೆಯಲ್ಲಿ ಮಂಚದ ಕೆಳಗೆ, ಬೀರುವಿನ ಮೇಲೆ, ಹೊಲಿಗೆಯ ಯಂತ್ರದ ಪಕ್ಕದಲ್ಲಿ ಕಟ್ಟುಕಟ್ಟು ಪುಸ್ತಕಗಳು. ಅವುಗಳ ಹೊಸ ಶಾಯಿಯ ವಾಸನೆ ಮೊದಲು ಹಿತವಾಗಿತ್ತು. ಆ ರಾತ್ರಿ ಕಿಟಕಿ ತೆರೆದೆ.

ನವರಾತ್ರಿ ಬಂದಿತು. ನಮ್ಮ ಮನೆಯಲ್ಲಿ ಬೊಂಬೆ ಕೂರಿಸುವ ಪದ್ಧತಿ ನನ್ನ ಅತ್ತೆಯವರ ಕಾಲದಿಂದ ಬಂದದ್ದು. ಪಾಡ್ಯದ ಹಿಂದಿನ ದಿನ ಮನೆಯಾಕೆ ಪಟ್ಟದ ಬೊಂಬೆಗಳನ್ನು ಒರೆಸುತ್ತ, "ಏನೂಂದ್ರೆ, ಈ ಸಲ ಕೆಳಗಿನ ಮೆಟ್ಟಲಲ್ಲಿ ನಿಮ್ಮ ಹಕ್ಕಿ ಇಡ್ತೀನಿ" ಎಂದಳು. ಹತ್ತಿಯಿಂದಲೂ ರಟ್ಟಿನಿಂದಲೂ ಒಂದು ಹೆಜ್ಜಾರ್ಲೆಯಾಯಿತು. ಹಳೆಯ ಕುಂಕುಮಬಣ್ಣದ ರವಿಕೆಯ ತುಂಡು ಅದರ ಕೊಕ್ಕಿನ ಚೀಲವಾಯಿತು. ಪರಾತದಲ್ಲಿ ನೀರು ತುಂಬಿ ಸುತ್ತ ರಾಗಿಯ ಪೈರು ಬೆಳೆಸಿದ್ದು ಕುಕ್ಕರಹಳ್ಳಿ ಕೆರೆಯಾಯಿತು. ಹುಣಿಸೆಯ ರೆಂಬೆಯೊಂದು ಕೊಕ್ಕರೆ ಬೆಳ್ಳೂರು.

ಸಂಜೆ "ಬೊಂಬೆ ಕೂರಿಸಿದ್ದೀರಾ?" ಎಂದು ಮಕ್ಕಳು ಬಂದರು. ಬೊಂಬೆ ನೋಡಿದವರಿಗೆ ಬೊಂಬೆ ಬಾಗಿನ ಕೊಡುವುದು ನಮ್ಮೂರಿನ ವಾಡಿಕೆಯಷ್ಟೆ. ಅವಳು ಚಕ್ಕುಲಿಯ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು, "ಮೊದಲು ಕಥೆ, ಆಮೇಲೆ ಬಾಗಿನ" ಎಂದು ಮಕ್ಕಳನ್ನು ಜಮಖಾನೆಯ ಮೇಲೆ ಕೂರಿಸಿದಳು. ಪುಸ್ತಕ ತೆರೆದು ಐದು ಪುಟ ಓದಿದಳು. ನಾನು ಬರೆದ ಹಾಗೆ ಅಲ್ಲ. ನನ್ನ "ಆಗಸವನ್ನೇ ಆವರಿಸಿದ ರೆಕ್ಕೆಗಳು" ಅವಳ ಬಾಯಲ್ಲಿ "ಇಷ್ಟು ದೊಡ್ಡ ರೆಕ್ಕೆ, ನಮ್ಮ ಹಾಲ್ ಇದೆಯಲ್ಲ, ಅಷ್ಟು" ಆಯಿತು. ಮರಿಯು ಕೊಂಬೆಯ ತುದಿಗೆ ಜಾರಿ ಕಾಲು ತಪ್ಪುವ ಕಡೆಗೆ ಬಂದಾಗ ಪುಸ್ತಕವನ್ನು ಮುಚ್ಚಿ, "ನಾಳೆ ಬನ್ನಿ" ಎಂದುಬಿಟ್ಟಳು.

ವಾರಪತ್ರಿಕೆಗಳ ಧಾರಾವಾಹಿಗಳನ್ನು ಮೂವತ್ತು ವರ್ಷ ತಪ್ಪದೆ ಓದಿದವಳಿಗೆ ಎಲ್ಲಿ ನಿಲ್ಲಿಸಬೇಕೆಂಬುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಮೊದಲ ದಿನ ಒಂಬತ್ತು ಮಕ್ಕಳಿದ್ದರು. ಮೂರನೆಯ ದಿನ ಜಮಖಾನೆ ಸಾಲದಾಯಿತು. ನಾಲ್ಕನೆಯ ದಿನ ಒಬ್ಬಾಕೆ ಬಾಗಿಲಲ್ಲಿ ನಿಂತು, "ಆಂಟಿ, ಮರಿ ಬಿತ್ತಾ ಇಲ್ಲವಾ ಅಂತ ನಮ್ಮನೇದು ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ. ಆ ಪುಸ್ತಕ ಎಲ್ಲಿ ಸಿಗುತ್ತೆ?" ಎಂದು ಕೇಳಿದರು. ಮನೆಯಾಕೆ ಮಂಚದ ಕಡೆ ಕಣ್ಣು ತೋರಿಸಿದಳು. ನಾನು ಬಗ್ಗಿ ಒಂದು ಕಟ್ಟನ್ನು ಎಳೆದೆ.

ಅವಳು ಕೊಡುವಾಗ ಒಂದು ಷರತ್ತು ಹಾಕುತ್ತಿದ್ದಳು: "ನೀವೇ ಓದಿ ಹೇಳಬೇಕು. ಪಕ್ಕದಲ್ಲಿ ಕೂರಿಸಿಕೊಂಡು, ಬೆರಳಿಟ್ಟು." ಕೆಲವು ತಾಯಂದಿರು ನಕ್ಕು, ತಮಗೂ ಓದುವ ವೇಗ ತಪ್ಪಿಹೋಗಿದೆಯೆಂದರು. ಒಂದು ಮನೆಯಲ್ಲಿ ಅಜ್ಜಿ ಓದುತ್ತಾರಂತೆ, ತಾಯಿಯೂ ಮಗುವೂ ಕೇಳುತ್ತಾರಂತೆ. ಇನ್ನೊಬ್ಬರು, ತಮ್ಮ ಮನೆಯ ಬೊಂಬೆ ಬಾಗಿನಕ್ಕೆ ತಿಂಡಿಯ ಬದಲು ಪುಸ್ತಕವನ್ನೇ ಕೊಡುತ್ತೇವೆಂದು ಒಟ್ಟಿಗೆ ಇಪ್ಪತ್ತೈದು ಪ್ರತಿ ಕೊಂಡರು. ವಿಜಯದಶಮಿಯ ರಾತ್ರಿ ಎಣಿಸಿದಾಗ ಆ ಹತ್ತು ದಿನಗಳಲ್ಲಿ ಹೋದದ್ದು ನೂರ ಎಪ್ಪತ್ತನಾಲ್ಕು. ನಾನು ನಾಲ್ಕು ತಿಂಗಳು ಅಲೆದದ್ದಕ್ಕೂ ಅವಳು ಕುಳಿತಲ್ಲೇ ಮಾಡಿದ್ದಕ್ಕೂ ಇರುವ ಅಂತರವನ್ನು ಅವಳು ಎತ್ತಿ ಆಡಲಿಲ್ಲ. "ನಾಳೆ ಕೊತ್ತಂಬರಿ ನಮ್ಮ ಅಂಗಡಿಯಿಂದಲೇ ತನ್ನಿ" ಎಂದಳು.

ಒಂದು ವಿಷಯ ಬಿಟ್ಟೆ. ಎಂಟನೆಯ ದಿನ, ಮರಿಯು ಕೆರೆಗೆ ಬಂದಿಳಿಯುವ ಪುಟವನ್ನು ಓದುತ್ತಿದ್ದಾಗ, ಎದುರು ಮನೆಯ ಮೂರನೆಯ ತರಗತಿಯ ಹುಡುಗ ಎದ್ದು ನಿಂತ. ಚಿತ್ರದಲ್ಲಿ ಕೆರೆ, ಅದರಾಚೆ ಚಾಮುಂಡಿ ಬೆಟ್ಟ, ಬೆಟ್ಟದ ಹಿಂದೆ ಕೆಂಪಗೆ ದುಂಡಗೆ ಸೂರ್ಯ. ಕೆಳಗೆ ನನ್ನ ವಾಕ್ಯ: "ಬೆಟ್ಟದ ಹಿಂದೆ ಸೂರ್ಯ ಮುಳುಗಿದ."

"ಅಜ್ಜಿ, ತಪ್ಪು. ಬೆಟ್ಟದ ಹತ್ತಿರ ಸೂರ್ಯ ಹುಟ್ಟುತ್ತಾನೆ. ಮುಳುಗೋದು ಆ ಕಡೆ. ನಮ್ಮ ತಾರಸಿಯಿಂದ ಕಾಣುತ್ತೆ."

ನಿಜ. ಬೆಟ್ಟ ಇರುವುದು ಕೆರೆಗೆ ಆಗ್ನೇಯಕ್ಕೆ. ಇಪ್ಪತ್ತಾರು ವರ್ಷ ದಿನವೂ ಕಂಡ ದಿಕ್ಕು! ಕರಡನ್ನು ನಾನು ಐದು ಸಲ ತಿದ್ದಿದ್ದೆ; ಕಾಮಾ ಒಂದೂ ತಪ್ಪಿರಲಿಲ್ಲ. ಬೇರೆ ಊರಿನ ಮಗುವಾಗಿದ್ದರೆ ಈ ತಪ್ಪು ಎಂದೆಂದಿಗೂ ಹೊರಬೀಳುತ್ತಿರಲಿಲ್ಲ. ನಮ್ಮ ಬೀದಿಯವರಿಗೇ ಮಾರಿದ್ದರ ಫಲ ಇದು.

ಮರುದಿನವಲ್ಲ, ಅದರ ಮರುದಿನ, ಹತ್ತು ಸಾವಿರದ ಲಕೋಟೆಯನ್ನೂ ಆ ಪುಟವನ್ನೂ ಹಿಡಿದು ಹಿಂದಿನ ಅಡ್ಡರಸ್ತೆಗೆ ಹೋದೆ. ಪೇಂಟರು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದರು. ತಲೆಯೆತ್ತಿ, "ಮೈ ಸ್ವಸ್ಥವಿರಲಿಲ್ಲವೇನೋ ಅಂದ್ಕೊಂಡೆ ಮೇಷ್ಟ್ರೇ. ಎರಡು ತಿಂಗಳಿಂದ ಈ ಕಡೆ ಕಾಣಲಿಲ್ಲ. ಮನೇಗೇ ಬಂದು ವಿಚಾರಿಸೋಣ ಅಂತಿದ್ದೆ, ಹಣಕ್ಕೆ ಬಂದ ಅಂದ್ಕೋತೀರೇನೋ ಅಂತ ಬರಲಿಲ್ಲ" ಎಂದರು.

ಲಕೋಟೆಯನ್ನು ಕೊಟ್ಟೆ. ಅವರು ಎಣಿಸಲಿಲ್ಲ, ಕೈಗೆ ಒದ್ದೆಯೆಂದು ಹಲಗೆಯ ಮೇಲೆ ಇಡಲು ಹೇಳಿದರು. ನಾನು ಹೇಳಬೇಕೆಂದು ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದ ಕ್ಷಮೆಯ ಮಾತುಗಳಲ್ಲಿ ಒಂದೂ ಹೊರಡಲಿಲ್ಲ. ಬದಲಿಗೆ ಪುಟವನ್ನು ಮುಂದೆ ಹಿಡಿದು ಹುಡುಗನ ಆಕ್ಷೇಪಣೆಯನ್ನು ಹೇಳಿದೆ. ಅವರು ಚಿತ್ರವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. ಬಹಳ ಹೊತ್ತು ಮಾತಿಲ್ಲ.

"ನಿಮ್ಮ ಕಥೇಲಿ ಇದು ಯಾವ ಮಾಸ?"

"ವೈಶಾಖ."

"ಹಂಗಾದ್ರೆ ಇದು ಸೂರ್ಯ ಯಾಕಾಗ್ಬೇಕು? ಹುಣ್ಣಿಮೆ ಚಂದ್ರ ಅನ್ನಿ. ಸೂರ್ಯ ಆ ಕಡೆ ಮುಳುಗೋ ಹೊತ್ತಿಗೆ ಚಂದ್ರ ಈ ಕಡೆ ಬೆಟ್ಟದ ಹಿಂದಿಂದ ಬರ್ತಾನೆ. ಹುಟ್ಟುವಾಗ ಅವನೂ ಕೆಂಪೇ. ಚಿತ್ರ ಮುಟ್ಟೋದು ಬೇಡ. ನಿಮ್ಮ ಒಂದು ಸಾಲು ಬದಲಾಯಿಸಿದ್ರೆ ಆಯ್ತು."

ವೈಶಾಖದ ಹುಣ್ಣಿಮೆಯ ಚಂದ್ರ ಹುಟ್ಟುವುದೂ ಆಗ್ನೇಯದ ಕಡೆಗೇ ಎಂಬುದನ್ನು ಮನೆಗೆ ಬಂದು ಪುಸ್ತಕ ತೆಗೆದು ಖಚಿತಪಡಿಸಿಕೊಂಡೆ. ಹಿಂದೆ ಗ್ರಂಥಗಳ ಕೊನೆಗೆ ಒಪ್ಪೋಲೆಯೆಂದು ಸೇರಿಸುತ್ತಿದ್ದರಲ್ಲ, ಹಾಗೆ "ಬೆಟ್ಟದ ಹಿಂದೆ ಚಂದ್ರ ಹುಟ್ಟಿದ" ಎಂಬ ಒಂದೇ ಸಾಲಿನ ಸಾವಿರ ಚೀಟಿಗಳನ್ನು ಅಚ್ಚು ಮಾಡಿಸಿದೆ. ಮನೆಯಲ್ಲಿ ಉಳಿದಿದ್ದ ಏಳುನೂರ ಏಳು ಪ್ರತಿಗಳಿಗೆ ಪೇಂಟರೂ ನಾನೂ ಎದುರು ಮನೆಯ ಹುಡುಗನೂ ಎರಡು ಭಾನುವಾರ ಕುಳಿತು ಅಂಟಿಸಿದೆವು. ಹುಡುಗನ ಚೀಟಿಗಳು ಸ್ವಲ್ಪ ಸೊಟ್ಟಗಿವೆ.

ಆಗಲೇ ಮಾರಾಟವಾಗಿದ್ದ ಪ್ರತಿಗಳ ಗತಿಯೇನೆಂದು ಅವನೇ ಕೇಳಿದ. ಉಳಿದ ಚೀಟಿಗಳನ್ನು ನನ್ನ ಚೀಲದಲ್ಲಿ ಹಾಕಿಸಿಕೊಂಡು, ಅಂಟಿನ ಡಬ್ಬಿ ಹಿಡಿದು, ತನ್ನ ಸ್ನೇಹಿತರ ಮನೆಮನೆಯ ಗೇಟು ತೆರೆದ. ಚೀಲ ಅವನ ಮೊಣಕಾಲಿಗೆ ಬರುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಹಿಂದಿರುಗಿ, "ತಾತ, ಎರಡು ಮನೇಲಿ ಪುಸ್ತಕವೇ ಇರಲಿಲ್ಲ. ಚೀಟಿ ಎಲ್ಲಿ ಅಂಟಿಸೋದು ಅಂತ ಕೇಳಿದರು" ಎಂದು ಇನ್ನೂರು ರೂಪಾಯಿಯ ಒಂದು ನೋಟನ್ನು ನನ್ನ ಕೈಗಿಟ್ಟು, ಚಿಲ್ಲರೆ ಇಪ್ಪತ್ತು ರೂಪಾಯಿಗಾಗಿ ನಿಂತುಕೊಂಡ.